ಬಾಗಿಲಿಗೆ ಬೆನ್ನು

ಹೊಳೆದಂಡೆಯ ಮಠಕ್ಕೆ ಕೆಂಚವೀರ ಬಂದ ದಿನವೇ ಅಲ್ಲಿದ್ದವರ ಬಾಯಿಗೆಲ್ಲ ಹಬ್ಬ. ದಂಡಿನಲ್ಲಿ ಸವೆದು ಬಂದವನು, ಮೀಸೆ ನರೆತವನು. ಮೀಸೆ ಮೂಡದ ಹುಡುಗರ ಜೊತೆ ಅಕ್ಷರ ತಿದ್ದಲು ಕೂತರೆ ಯಾರು ತಾನೇ ಸುಮ್ಮನಿದ್ದಾರು?

ಆ ಮಠದ ಪದ್ಧತಿಯೇ ಹಾಗೆ. ಹೊಸದಾಗಿ ಬಂದವನು ಗುರುಗಳ ಎದುರಿಗೇ, ಮೊದಲ ಸಾಲಿನಲ್ಲಿ ಕೂರಬೇಕು. ಬಾಗಿಲು ಅವನ ಬೆನ್ನಿಗೆ.

ಕೆಂಚವೀರ ಕೂತ. ಪಕ್ಕದಲ್ಲಿ ಅವನ ಬಿದಿರು ಕೋಲು. ಹೊರಗೆ ತರಗೆಲೆ ಸರಿದರೂ ಹಿಂದಕ್ಕೆ ತಿರುಗುವನು. ಬಿಂದಿಗೆ ಸದ್ದಾದರೆ ಕೈ ಕೋಲಿಗೆ ಹೋಗುವುದು.

"ಯಾರ ದಾರಿ ಕಾಯ್ತಿದ್ದೀಯಣ್ಣಾ?" ಎಂದ ಹಿರಿಯ ಶಿಷ್ಯ ಶಂಭುಲಿಂಗ. "ಹೊಳೆಯಾಚೆ ಯಾರನ್ನೋ ಇಟ್ಕೊಂಡಿದ್ದೀಯಂತೆ. ಪುಟ್ಟಾಜಿ ಹೇಳ್ತಿದ್ದಳು."

ಅಡುಗೆಮನೆಯ ಪುಟ್ಟಾಜಿ ಅಷ್ಟಕ್ಕೇ ಬಿಟ್ಟವಳಲ್ಲ. ಅವನು ದಂಡಿನಿಂದ ಕದ್ದು ಓಡಿ ಬಂದವನಂತೆ, ಹಿಡಿಯುವವರು ಹಿಂದೆಯೇ ಇದ್ದಾರಂತೆ. ಸೌಟಿನಲ್ಲಿ ಸಾರು ಬಡಿಸುತ್ತ ಅದನ್ನೂ ಎಲೆ ಎಲೆಗೆ ಬಡಿಸಿದಳು.

ಕೆಂಚವೀರನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಬುದ್ಧೀ, ಗೋಡೆಗೊರಗಿ ಕೂರಲೇ?" ಎಂದು ಗುರುಗಳನ್ನು ಕೇಳಿದ.

"ಕೂರು."

ಗೋಡೆಗೆ ಒರಗಿದ. ಈಗ ಬಾಗಿಲು ಎದುರಿಗೇ ಇತ್ತು. ಅದನ್ನೇ ನೋಡುತ್ತ ಕೂತ. ಪಾಠ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

ಕೊನೆಗೊಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಹೊಳೆ ಮೆಟ್ಟಿಲ ಮೇಲಿದ್ದ ಗುರುಗಳ ಹತ್ತಿರ ಬಂದ.

"ಹೊರಡ್ತೀನಿ ಬುದ್ಧೀ. ಇದು ನನ್ನಂಥವನಿಗಲ್ಲ."

"ಯಾಕೆ ಬಂದಿದ್ದೆ?"

"ಇಷ್ಟು ಕಾಲ ಹೇಳಿದ್ದನ್ನು ಮಾಡಿದೆ. ಏನು ಮಾಡಿದೆ ಅಂತ ಸಾಯೋದರೊಳಗೆ ತಿಳ್ಕೋಬೇಕಿತ್ತು."

"ಬಾಗಿಲಲ್ಲಿ ಯಾರು ಬರ್ತಾರೆ?"

"ಯಾರೂ ಬರಲ್ಲ. ನನಗೆ ಗೊತ್ತು. ಈ ಕುತ್ತಿಗೆಗೆ ಗೊತ್ತಿಲ್ಲ."

ಗುರುಗಳು ಕಾಲು ನೀರಿನಿಂದ ಎತ್ತಿಕೊಂಡರು.

"ದಂಡಿನಲ್ಲಿ ಏನಾಗಿದ್ದೆ?"

"ಕೋಟೆ ಬಾಗಿಲ ಕಾವಲಿನವನು."

"ಕಾವಲಿನವನು ಮಲಗೋದು ಯಾವಾಗ?"

"ಮುಂದಿನ ಪಾಳಿಯವನು ಬಂದು ಕೋಲು ಇಸ್ಕೊಂಡ ಮೇಲೆ."

"ನಿನ್ನ ಕೋಲು ಯಾರು ಇಸ್ಕೊಂಡರು?"

ಕೆಂಚವೀರ ಹೊಳೆಯ ಕಡೆ ನೋಡಿದ. "ದಂಡೇ ಚದುರಿಹೋಯ್ತು ಬುದ್ಧೀ. ಯಾರೂ ಬರಲಿಲ್ಲ. ಕಾದೆ ಕಾದೆ, ಆಮೇಲೆ ನಾನೂ ಎದ್ದು ಬಂದೆ."

ಕೋಲು ಅವನ ಕೈಯಲ್ಲೇ ಇತ್ತು.

ಗುರುಗಳು ಕೈ ಚಾಚಿದರು. ಅವನು ಕೊಡಲಿಲ್ಲ. ಅವರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಮುದುಕರ ತೋಳು ನಡುಗತೊಡಗಿದಾಗ ಅವನು ಕೊಟ್ಟ.

ಗುರುಗಳು ನೆಟ್ಟಗೆ ಪಾಠಶಾಲೆಗೆ ನಡೆದರು. ತಮ್ಮ ಮಣೆಯ ಮೇಲೆ ಕೂರಲಿಲ್ಲ. ಹೊಸ್ತಿಲ ಮೇಲೆ, ಶಿಷ್ಯರಿಗೆಲ್ಲ ಬೆನ್ನು ಮಾಡಿ, ಕೋಲು ಊರಿಕೊಂಡು ಕೂತರು.

ಶಂಭುಲಿಂಗನ ಕಣ್ಣು ಅಗಲವಾಯಿತು. "ಇದೇನು ಬುದ್ಧೀ? ನೋಡಿದವರು ಆಡಿಕೊಳ್ಳೋದಿಲ್ವೆ?"

"ಪುಟ್ಟಾಜಿಗೂ ಕೆಲಸ ಬೇಕಲ್ಲ," ಎಂದರು ಗುರುಗಳು. "ಕೆಂಚವೀರ, ನಿನ್ನ ಜಾಗಕ್ಕೆ ಹೋಗು. ಮೊದಲ ಸಾಲು."

ಅವನು ಅವರನ್ನು ದಾಟಿ ಒಳಗೆ ಬಂದು ನಿಂತ.

"ಬುದ್ಧೀ, ನಿಮಗೆ ಕಣ್ಣು ಮಬ್ಬು. ಯಾರಾದರೂ ಬಂದರೆ?"

"ಕೂಗ್ತೀನಿ."

ಕೆಂಚವೀರ ಗಂಟು ಇಳಿಸಿದ. ಬಾಗಿಲಿಗೆ ಬೆನ್ನು ಹಾಕಿ ಕೂತ. ಹೊಸ್ತಿಲಿಂದಲೇ ಗುರುಗಳು ಪಾಠ ಶುರುಮಾಡಿದರು.

ಹೊರಗೆ ತರಗೆಲೆ ಸರಿಯಿತು. ಅವನ ಕುತ್ತಿಗೆ ಅರ್ಧಕ್ಕೆ ತಿರುಗಿ ನಿಂತಿತು. ಕೋಲು ನೆಲಕ್ಕೆ ಕುಟ್ಟಿದ ಸದ್ದು ಕೇಳಿತು. ಕುತ್ತಿಗೆ ಮೆಲ್ಲಗೆ ಮುಂದಕ್ಕೆ ಬಂತು, ಬಗ್ಗಿತು, ತಲೆ ಮೊಣಕಾಲಿನ ಮೇಲೆ ಬಿತ್ತು.

"ಬುದ್ಧೀ! ಪಾಠದ ನಡುವೆ ಗೊರಕೆ ಹೊಡೀತಿದ್ದಾನೆ!" ಎಂದು ಶಂಭುಲಿಂಗ ಕಿರುಚಿದ.

ಗುರುಗಳು ಹೊರಗಿನ ದಾರಿಯಿಂದ ಕಣ್ಣು ಕೀಳಲಿಲ್ಲ.

"ಮೆತ್ತಗೆ ಮಾತಾಡು. ಅವನ ಪಾಠ ಈಗ ಶುರುವಾಗಿದೆ."