ದ್ಯಾವಮ್ಮನ ಕರ್ಣಕುಂಡಲ

ಕಮಲಾಕ್ಷಿ ಮೇಡಂ ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುತ್ತಿದ್ದರು. ಕರ್ಣಕುಂಡಲವೆಂದರೆ ಅವರಿಗೆ ಪ್ರಾಣ. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜ ಹಾರಿಸುತ್ತದಲ್ಲ, ಅದೇ ಗಿಡ. ಆ ಕುಲದಲ್ಲಿ ನೂರಾರು ಜಾತಿಗಳಿವೆ. ಎಲೆ ಹೇಗಿದೆ, ಹೂವಿನ ಹಿಂದೆ ಬಾಲದಂತೆ ಇಳಿಯುವ ಕೊಂಬು ಉದ್ದವೋ ಗಿಡ್ಡವೋ ಎಂದೆಲ್ಲ ನೋಡಿ ಜಾತಿ ಗುರುತಿಸುತ್ತಾರೆ.

ಇಪ್ಪತ್ತು ವರ್ಷದ ಹಿಂದೆ ಮೇಡಂ ತೊರೆಯೊಂದರ ನೆರಳಿನಲ್ಲಿ ಉದ್ದ ಕೊಂಬಿನ ಹೂ ಕಂಡಿದ್ದರು. ಅದನ್ನು ಹೊಸ ಜಾತಿಯೆಂದು ಸಾರಿ, ತೀರಿಹೋದ ತಾಯಿ ದ್ಯಾವಮ್ಮನ ಹೆಸರಿಟ್ಟಿದ್ದರು.

ಅವರ ಶಿಷ್ಯೆ ನಸೀಮಾ ಆ ಗಿಡದ ಬೀಜ ತಂದು ಕುಂಡಗಳಲ್ಲಿ ಬಿತ್ತಿದಳು. ಕೆಲವನ್ನು ನೆರಳಲ್ಲಿಟ್ಟಳು, ಕೆಲವನ್ನು ಬಿಸಿಲಲ್ಲಿ. ಹೂ ಬಿಟ್ಟ ದಿನ ಅವಳು ಒಂದೊಂದು ಕುಂಡವನ್ನೂ ಮತ್ತೆ ಮತ್ತೆ ನೋಡಿದಳು. ಬಿಸಿಲಿನ ಗಿಡಗಳಿಗೆ ಗಿಡ್ಡ ಕೊಂಬು! ಹುಲ್ಲುಗಾವಲಿನಲ್ಲೆಲ್ಲ ಬೆಳೆಯುವ ಹಳೆಯ ಜಾತಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನೆರಳಿನಲ್ಲಿ ಬೆಳೆದದ್ದಕ್ಕೆ ಕೊಂಬು ಉದ್ದವಾಗಿತ್ತು, ಅಷ್ಟೆ.

ಮಗಳಂತೆ ನೋಡಿಕೊಂಡ ಮೇಡಂಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಗಿಡಗಳನ್ನು ಕಿತ್ತೆಸೆದರೆ ಯಾರಿಗೂ ಗೊತ್ತಾಗದು. ಅವಳು ಕಾಂಡಕ್ಕೆ ಕೈ ಹಾಕಿದಳು. ಕೀಳಲು ಮನಸ್ಸು ಬರಲಿಲ್ಲ. ಎರಡು ಕುಂಡಗಳನ್ನು ಎತ್ತಿಕೊಂಡು ಹೋಗಿ ಮೇಡಂ ಮೇಜಿನ ಮೇಲಿಟ್ಟಳು.

"ಎರಡೂ ಒಂದೇ ಗಿಡದ ಬೀಜ, ಮೇಡಂ. ಇದು ನೆರಳಲ್ಲಿ ಬೆಳೆದದ್ದು, ಅದು ಬಿಸಿಲಲ್ಲಿ," ಎಂದಳು.

ಮೇಡಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕಾಗದ ಎಳೆದುಕೊಂಡು ಬರೆದರು: 'ದ್ಯಾವಮ್ಮನ ಹೆಸರಿನ ಗಿಡವೂ ಹುಲ್ಲುಗಾವಲಿನ ಗಿಡವೂ ಒಂದೇ ಜಾತಿ; ಹಳೆಯ ಹೆಸರೇ ಉಳಿಯಬೇಕು. ತಪ್ಪು ನನ್ನದು. ಕಂಡುಹಿಡಿದವಳು ನಸೀಮಾ.'

ನಸೀಮಾಳಿಗೆ ಅಳು ತಡೆಯಲಾಗಲಿಲ್ಲ. "ನಿಮ್ಮ ಅಮ್ಮನ ಹೆಸರು ಹೋಗಿಬಿಡುತ್ತಲ್ಲ ಮೇಡಂ!"

"ಸುಳ್ಳು ಹೇಳಿದ ದಿನ ನಮ್ಮವ್ವ ನನಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ ಕಣೇ," ಎಂದರು ಮೇಡಂ, ಅವಳ ತಲೆ ನೇವರಿಸುತ್ತ. "ಗೊತ್ತಿದ್ದೂ ಅವಳ ಹೆಸರಲ್ಲೇ ಸುಳ್ಳು ಉಳಿಸಲೇ? ನೀನು ಮುಚ್ಚಿಟ್ಟಿದ್ದರೆ ನನಗೆ ಹೆಚ್ಚು ನೋವಾಗುತ್ತಿತ್ತು. ಒಂದು ಕುಂಡ ನನಗೆ ಕೊಡು, ಮನೆಗೆ ಒಯ್ಯುತ್ತೇನೆ. ಹೆಸರು ಯಾವುದಾದರೇನು, ಹೂ ಚೆಂದವಾಗಿದೆ."

ನೀತಿ: ಪ್ರೀತಿಸುವವರಿಂದ ಸತ್ಯವನ್ನು ಮುಚ್ಚಿಡಬೇಡಿ. ತಪ್ಪನ್ನು ಒಪ್ಪಿಕೊಂಡರೆ ಇಟ್ಟ ಹೆಸರು ಅಳಿಯಬಹುದು, ಗೌರವ ಅಳಿಯುವುದಿಲ್ಲ.