ವಾಸನೆ ಹೋಯಿತೋ, ಮೂಗು ಹೋಯಿತೋ

ಹೊಳೆದಂಡೆಯ ಆಶ್ರಮಕ್ಕೆ ಬಂದು ಎರಡು ವರ್ಷ ತುಂಬಿದ ದಿನ ದುಂಡಪ್ಪ ಅಜ್ಜಾರ ಮುಂದೆ ಬಂದು ಕೂತ.

"ಅಜ್ಜಾರ, ನನ್ನ ದುಃಖ ಹೋತ್ರೀ."

ಅಜ್ಜಾರು ಅವರೆಕಾಯಿ ಬಿಡಿಸುತ್ತಿದ್ದರು. ಆ ಆಶ್ರಮದಲ್ಲಿ ಗುರುಗಳಿಗೂ ಅಡುಗೆಮನೆಯ ಕೆಲಸ ತಪ್ಪಿದ್ದಲ್ಲ.

"ಎಲ್ಲಿಗಿ ಹೋತು?"

"ಗೊತ್ತಿಲ್ರೀ. ಮೊದಲ ದಿನಾ ಅಳು ಬರ್ತಿತ್ತು. ಈಗ ಬರೂದಿಲ್ಲ. ತಮ್ಮನ ಮಾರಿ ನೆನಪ ಮಾಡ್ಕೊಂಡ್ರೂ ಏನೂ ಆಗೂದಿಲ್ಲ. ಇನ್ನ ನನಗ ದೀಕ್ಷಾ ಕೊಡ್ರಿ."

"ಹೌದಾ? ಹಂಗಾದ್ರ ನಾಳೆ ಗೋಬರ್ ಗ್ಯಾಸಿನ ಗುಂಡಿ ಬಳಿಯೋಣು."

ದೀಕ್ಷೆ ಕೇಳಿದವನಿಗೆ ಸೆಗಣಿ ಗುಂಡಿ! ದುಂಡಪ್ಪನ ಮುಖ ಸಣ್ಣದಾಯಿತು.

ಗುಂಡಿ ಅವನಿಗೆ ಹೊಸದಲ್ಲ. ಅವನೂ ಅವನ ತಮ್ಮ ಶಂಕ್ರನೂ ಊರೂರು ತಿರುಗಿ ಗುಂಡಿ, ಟ್ಯಾಂಕು ಬಳಿಯುತ್ತಿದ್ದವರು. ಎರಡು ವರ್ಷದ ಹಿಂದೆ ಒಂದು ಗಿರಣಿಯ ಹಿಂದಿನ ಗುಂಡಿಗೆ ಇಳಿದ ಶಂಕ್ರ ಮೇಲೆ ಬರಲಿಲ್ಲ. ದುಂಡಪ್ಪ ಹಿಂದೆಯೇ ಧುಮುಕಲು ಹೋದಾಗ ನಾಲ್ಕು ಜನ ಸೊಂಟ ಹಿಡಿದು ನೆಲಕ್ಕೆ ಕೆಡವಿದರು. ಬಿಡಿಸಿಕೊಳ್ಳಲು ಒಬ್ಬನ ಕೈ ಕಚ್ಚಿದ್ದ. ತಮ್ಮನನ್ನು ಒಬ್ಬನೇ ಬಿಟ್ಟೆ ಎಂಬ ಸಂಕಟ ಹೊತ್ತುಕೊಂಡೇ ಇಲ್ಲಿಗೆ ಬಂದವನು, ಅಂದಿನಿಂದ ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ದುಃಖ ಹೋಯಿತಂತೆ. ಆದರೆ ಆಸಾಮಿ ಊಟಕ್ಕೆ ಕೂತಾಗ ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದ. ಪಂಕ್ತಿ ಎಷ್ಟೇ ಕಿಕ್ಕಿರಿದರೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಜಾಗ ಬಿಡುತ್ತಿದ್ದೇನೆ ಅನ್ನುವುದು ಅವನಿಗೊಬ್ಬನಿಗೆ ಗೊತ್ತಿರಲಿಲ್ಲ, ಮಿಕ್ಕವರಿಗೆಲ್ಲ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಿಸಿದರು. ಕೊಳೆತ ಮೊಟ್ಟೆಯ ನಾತ ಗಪ್ಪನೆ ಎದ್ದು ಬಂತು. ಮುಚ್ಚಳ ಎತ್ತಲು ಬಂದವರು ಮೂಗು ಮುಚ್ಚಿಕೊಂಡು ಹೊಳೆಯ ಕಡೆ ಓಡಿದರು.

ದುಂಡಪ್ಪನಿಗೆ ನಗು ಬಂತು. ಇಷ್ಟಕ್ಕೆಲ್ಲ ಓಡುವವರು ಗುಂಡಿ ಬಳಿದ ಹಾಗೇ ಇದೆ ಎಂದುಕೊಂಡು, ಅಂಚಿನಲ್ಲೇ ನಿಂತು ಬಕೆಟ್ಟಿನಿಂದ ಬಗ್ಗಡ ಸೇದತೊಡಗಿದ.

ತುಸು ಹೊತ್ತಾಯಿತು.

"ಅಜ್ಜಾರ, ವಾಸನಿ ಹೋತ್ರೀ," ಎಂದು ಕೂಗಿದ. "ಇಳಿಯಾಕ ಅಡ್ಡಿಯಿಲ್ಲ."

ದೂರದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ ಅಜ್ಜಾರು ಕೇಳಿದರು, "ವಾಸನಿ ಹೋತೋ, ಮೂಗ ಹೋತೋ?"

"ತಿಳೀಲಿಲ್ರೀ."

ಅಜ್ಜಾರು ಅಡುಗೆಯ ನೀಲವ್ವನನ್ನು ಕರೆದರು. ನೀಲವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅರ್ಧ ಅಂಗಳ ದಾಟುವುದರೊಳಗೆ ಗಕ್ಕನೆ ನಿಂತು ಸೆರಗನ್ನು ಮೂಗಿಗೆ ಒತ್ತಿದಳು.

"ಅಯ್ಯ ಶಿವನ! ಏನ್ ನಾತ ಇದು! ಅಲ್ಲಿ ಹೆಂಗ ನಿಂತೀಯೋ ದುಂಡಪ್ಪಾ?"

ದುಂಡಪ್ಪ ಮೂಗರಳಿಸಿ ನೋಡಿದ. ಏನೂ ಇಲ್ಲ. ಬೆಳಗಿನ ಹೊಳೆಯ ಗಾಳಿಯಷ್ಟೇ ಹಗುರ.

ಅಜ್ಜಾರು ಬಂದು ಅವನ ರಟ್ಟೆ ಹಿಡಿದು ದೂರ ಎಳೆದುಕೊಂಡು ಹೋದರು. ಆಮೇಲೆ ಗ್ಯಾಸ್ ಅಳೆಯುವ ಅಂಗೈಯಗಲದ ಮೀಟರನ್ನು ಉದ್ದನೆಯ ಗಳದ ತುದಿಗೆ ಕಟ್ಟಿ ಗುಂಡಿಯ ಬಾಯಿಗೆ ಹಿಡಿದರು. ಕಾರ್ಖಾನೆಯಲ್ಲಿ ಕೆಲಸ ಮಾಡುವ ಭಕ್ತರೊಬ್ಬರು ಕೊಟ್ಟುಹೋದ ಮೀಟರು ಅದು. ಹಿಡಿದ ಕೂಡಲೇ ಕಿರ್ರೆಂದು ಅರಚಿತು.

"ಇದಕ್ಕ ಮೂಗಿಲ್ಲ. ಅದಕ್ಕ ಮೋಸ ಹೋಗೂದಿಲ್ಲ," ಅಂದರು. "ಈ ಗಾಳಿ ಐತೆಲ್ಲ, ಮೊದಲ ಮೂಗ ಕೊಲ್ತೈತಿ. ಆಮ್ಯಾಲ ಮೂಗಿನ ಮಾಲಕನ್ನ."

ದುಂಡಪ್ಪ ನಿಂತಲ್ಲೇ ಕುಸಿದು ಕೂತ.

"ಅವತ್ತ ಅಂವ ಗುಂಡಿ ಬಾಯಾಗ ಕುಂತಿದ್ದ ಅಜ್ಜಾರ. 'ಅಣ್ಣಾ, ನಾತ ಹೋತು' ಅಂದ. ನಾನ 'ಹಂಗಾದ್ರ ಇಳಿ' ಅಂದೆ."

ಸೊಂಟ ಹಿಡಿಯಲು ಅಂದು ನಾಲ್ಕು ಜನ ಬಂದಿದ್ದರು, ನಾಲಿಗೆ ಹಿಡಿಯಲು ಒಬ್ಬನೂ ಇರಲಿಲ್ಲ. ಈ ಮಾತನ್ನು ಅವನು ಹೆತ್ತ ತಾಯಿಗೂ ಹೇಳಿರಲಿಲ್ಲ.

ಅಜ್ಜಾರು ಸಮಾಧಾನದ ಮಾತು ಆಡಲಿಲ್ಲ. "ಗುಂಡಿ ಮೂರ ದಿನ ಬಾಯಿ ತೆರಕೊಂಡಿರ್ಲಿ," ಅಂದರು ಅಷ್ಟೇ.

ಉಳಿದ ಬಗ್ಗಡವನ್ನು ದೂರದಿಂದಲೇ ಪಂಪು ಹಚ್ಚಿ ಎತ್ತಿಸಿ, ಗುಂಡಿಯ ಸುತ್ತ ಮುಳ್ಳು ಕಟ್ಟಿದರು. ರಾಶಿ ತೂರುವ ದೊಡ್ಡ ಫ್ಯಾನು ತಂದು, ತಾಡಪತ್ರಿಯ ಕೊಳವೆ ಮಾಡಿ ಒಳಗೆ ಗಾಳಿ ಊದಿಸಿದರು. ಹಗಲೆಲ್ಲ ಅದರ ಭರ್ರೋ ಎನ್ನುವ ಸದ್ದು.

ಎರಡನೆಯ ದಿನ ಹೊಳೆಯಲ್ಲಿ ಮಿಂದು ಏಳುವಾಗ ದುಂಡಪ್ಪನಿಗೆ ಎಲ್ಲಿಂದಲೋ ಬೀಡಿಯ ವಾಸನೆ ಬಂತು. ದಂಡೆಯಲ್ಲಿ ಯಾರೂ ಸೇದುತ್ತಿರಲಿಲ್ಲ.

ಆಮೇಲೆ ತಡೆಯಲಾಗಲಿಲ್ಲ. ಕಡ್ಡಿ ಗೀರಿ ಮೊದಲು ಅಣ್ಣನ ಬೀಡಿಗೇ ಹಿಡಿಯುತ್ತಿದ್ದ ಆ ಕೈ ಬೇಕೆನಿಸಿತು. ಸೊಟ್ಟ ಹಲ್ಲು ಕಾಣುವಂತೆ ನಗುತ್ತಿದ್ದ ಆ ಮುಖ ಬೇಕೆನಿಸಿತು. ಜಗಳಕ್ಕಾದರೂ ಸರಿ, ಒಂದು ಸಲ "ಅಣ್ಣಾ" ಅಂದರೆ ಸಾಕು ಅನಿಸಿತು. ಒದ್ದೆ ಪಂಚೆಯಲ್ಲೇ ಅಜ್ಜಾರ ಹತ್ತಿರ ಬಂದು ನಿಂತ.

"ಅಜ್ಜಾರ, ಹೋಗಿಲ್ರೀ. ಎಲ್ಲಾ ಇಲ್ಲೇ ಐತಿ."

"ಮೂಗ ಬಂತು ಬಿಡು," ಅಂದರು ಅಜ್ಜಾರು.

ನಾಲ್ಕನೆಯ ದಿನ ಮೀಟರನ್ನು ತಳದವರೆಗೆ ಇಳಿಸಿ ನೋಡಿದರು. ಅದು ಸುಮ್ಮನಿತ್ತು. ತಳಕ್ಕೆ ಅಂಟಿದ ಮಣ್ಣು ಕೆರೆಯಲು ಪಕ್ಕದ ಊರಿನಿಂದ ಫಕೀರಪ್ಪ ಬಂದಿದ್ದ. ಶಂಕ್ರ ಇದ್ದಿದ್ದರೆ ಅಷ್ಟೇ ವಯಸ್ಸಾಗುತ್ತಿತ್ತು. ಫಕೀರಪ್ಪನ ಬಾಯಿ ಮಾತ್ರ ಊರಗಲ.

"ನಾನ ಇಳಿತೀನ್ರೀ," ಅಂದ ದುಂಡಪ್ಪ.

"ಯಾಕ?"

"ನನಗ ಇಳಿಯೂದು ಬರ್ತೈತಿ."

"ಏರಿ ಬರೂದು ಬರ್ತೈತೇನು?"

ತಳದಲ್ಲಿ ತಮ್ಮ ಕಾಯುತ್ತಿದ್ದಾನೆ ಅನ್ನುವ ಹುಚ್ಚು ಆಸೆ ಎರಡು ದಿನದಿಂದ ದುಂಡಪ್ಪನನ್ನು ಜಗ್ಗುತ್ತಿತ್ತು. ಅದು ಅಜ್ಜಾರಿಗೆ ಹೇಗೆ ತಿಳಿಯಿತೋ.

ಗುಂಡಿಯ ಮೇಲೆ ಮೂರು ಬೊಂಬು ಆನಿಸಿ ಬಾವಿಯ ರಾಟೆ ಕಟ್ಟಿದ್ದರು. ಹಗ್ಗದ ಒಂದು ತುದಿ ಫಕೀರಪ್ಪನ ಎದೆ, ಭುಜ ಸುತ್ತಿ ಬಿಗಿಯಿತು. ಮೀಟರು ಅವನ ಕೊರಳಿಗೆ ಬಂತು. ಇನ್ನೊಂದು ತುದಿಯನ್ನು ಅಜ್ಜಾರು ದುಂಡಪ್ಪನ ಕೈಗೆ ಕೊಟ್ಟರು.

"ಹತ್ತ ಉಸಿರಿಗೊಮ್ಮೆ ಹೆಸರ ಹಿಡದ ಕರಿ. ಓ ಅಂದ್ರ ಕೆಲಸ ನಡೀಲಿ."

"ಅನ್ನಲಿಲ್ಲಂದ್ರ?"

ಅಜ್ಜಾರು ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದರು.

ಫ್ಯಾನು ಭರ್ರೆನ್ನುತ್ತಲೇ ಇತ್ತು. ಫಕೀರಪ್ಪ ಏಣಿಯಿಂದ ಇಳಿದ.

"ಫಕೀರಪ್ಪಾ!"

"ಓ!"

"ಫಕೀರಪ್ಪಾ!"

"ಓ! ನಮ್ಮವ್ವ ಸೈತ ನನ್ನ ಇಷ್ಟ ಕರದಿಲ್ಲೋ ಮಾರಾಯಾ!"

ನೀಲವ್ವ ನಕ್ಕಳು. ದುಂಡಪ್ಪನೂ ನಕ್ಕ. ಕರೆದಾಗ ಒಬ್ಬರು ಓ ಅನ್ನುವುದು ಎಷ್ಟು ದೊಡ್ಡ ಸುಖ ಅನ್ನುವುದನ್ನೇ ಅವನು ಮರೆತಿದ್ದ.

ಬುಟ್ಟಿಗಟ್ಟಲೆ ಮಣ್ಣು ಮೇಲೆ ಬಂತು. ಕೊನೆಗೆ ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದ ಹೆಂಟೆಯೊಂದನ್ನು ಫಕೀರಪ್ಪ ಸಲಿಕೆಯಿಂದ ಮೀಟಿದ. ಅದರಡಿ ಅಷ್ಟು ದಿನ ಸಿಕ್ಕಿಬಿದ್ದಿದ್ದ ಗಾಳಿ ಬುಳುಬುಳು ಎದ್ದಿತು. ಮೀಟರು ಕಿರ್ರೆಂದು ಅರಚಿತು.

"ಫಕೀರಪ್ಪಾ!"

ಸದ್ದಿಲ್ಲ.

"ಏ ಫಕೀರಪ್ಪಾ!"

ಮೀಟರು ಒಂದೇ ಸಮನೆ ಅರಚುತ್ತಿತ್ತು. ದುಂಡಪ್ಪನ ಒಂದು ಕಾಲು ಆಗಲೇ ಏಣಿಯ ಮೇಲಿತ್ತು. ಈಗ ಯಾರಾದರೂ ಬಂದು ಸೊಂಟ ಹಿಡಿಯುತ್ತಾರೆ ಎಂದುಕೊಂಡ. ಯಾರೂ ಹಿಡಿಯಲಿಲ್ಲ. ತಿರುಗಿ ನೋಡಿದ.

ಅಜ್ಜಾರು ಕೂಗಲಿಲ್ಲ, ಮುಂದೆ ಬರಲೂ ಇಲ್ಲ.

"ದುಂಡಪ್ಪಾ, ಕೈಯಾಗ ಏನೈತಿ?"

ಕೈಯಲ್ಲಿ ಹಗ್ಗವಿತ್ತು.

ಕಾಲು ಹಿಂದಕ್ಕೆ ತೆಗೆದು ನೆಲಕ್ಕೆ ಊರಿದ. ಜಗ್ಗಿದ. ಹಿಂದಿನಿಂದ ಅಜ್ಜಾರ ಕೈ ಸೇರಿತು, ನೀಲವ್ವನ ಕೈ ಸೇರಿತು. ರಾಟೆ ಕಿರುಗುಟ್ಟಿತು. ಜಗ್ಗುತ್ತ ಜಗ್ಗುತ್ತ ಅವನು ಗಂಟಲು ಹರಿಯುವಂತೆ ಕರೆಯುತ್ತಿದ್ದ. ಏನು ಕರೆಯುತ್ತಿದ್ದಾನೆ ಅನ್ನುವುದು ಅವನ ಕಿವಿಗೆ ಬೀಳಲಿಲ್ಲ, ಉಳಿದಿಬ್ಬರ ಕಿವಿಗೆ ಬಿತ್ತು.

"ಶಂಕ್ರಾ! ಏ ಶಂಕ್ರಾ! ಓ ಅನ್ನೋ! ಒಮ್ಮೆ ಓ ಅನ್ನೋ!"

ಎರಡು ವರ್ಷ ಒಳಗೇ ಉಳಿದಿದ್ದ ಹೆಸರು ಅಷ್ಟೂ ಒಂದೇ ಸಲಕ್ಕೆ ಹೊರಗೆ ಬರುತ್ತಿತ್ತು. ನೀಲವ್ವನ ಕಣ್ಣಲ್ಲಿ ನೀರು ಬಂತು. ಹಗ್ಗ ಮಾತ್ರ ಬಿಡಲಿಲ್ಲ.

ಫಕೀರಪ್ಪನನ್ನು ಮೇಲೆ ಎಳೆದುಕೊಂಡು ಗಾಳಿ ಬೀಸುವ ಕಡೆ ಹೊತ್ತೊಯ್ದು ಮಲಗಿಸಿದರು. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಮ್ಮು ಬಂತು, ಎದೆ ಎದ್ದು ಬಿತ್ತು.

"ಶಂಕ್ರಾ!"

"ಓ..." ಅಂದ ಫಕೀರಪ್ಪ, ಕಣ್ಣು ಮುಚ್ಚಿಕೊಂಡೇ.

ದುಂಡಪ್ಪ ಆ ಕೆಸರು ಮೆತ್ತಿದ ಕೈಯನ್ನು ಹಿಡಿದುಕೊಂಡು, ಆಸ್ಪತ್ರೆಗೆ ಗಾಡಿ ಬರುವವರೆಗೂ ಅತ್ತ.

ಆಸ್ಪತ್ರೆಯಲ್ಲಿ ಎರಡು ದಿನ ಇದ್ದು, ಮೂರನೆಯ ದಿನ ಫಕೀರಪ್ಪ ಸಲಿಕೆ ಒಯ್ಯಲು ಆಶ್ರಮಕ್ಕೆ ಬಂದ. ಊಟದ ಹೊತ್ತು. ಪಂಕ್ತಿ ತುಂಬಿತ್ತು. ಎಲ್ಲ ಕಡೆ ನೋಡಿದ, ಒಂದೇ ಒಂದು ಜಾಗ ಖಾಲಿ ಕಂಡಿತು. ಅವನಿಗೇನು ಗೊತ್ತು, ನೇರ ಅಲ್ಲಿಗೆ ನಡೆದ.

ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು.

ದುಂಡಪ್ಪನ ಅಂಗೈ ತಾನಾಗಿಯೇ ಹೋಗಿ ಆ ನೆಲವನ್ನು ಮುಚ್ಚಿತು. ಆಗಲೇ ಅವನಿಗೆ ಕಂಡಿದ್ದು, ಎರಡು ವರ್ಷ ತಾನು ಏನು ಕಾದುಕೊಂಡು ಬಂದೆ ಅನ್ನುವುದು. ಫಕೀರಪ್ಪ ಏನೂ ತಿಳಿಯದೆ ನಿಂತೇ ಇದ್ದ.

"ಅಜ್ಜಾರ," ದುಂಡಪ್ಪ ಕೈ ತೆಗೆಯದೆಯೇ ಅಂದ. "ಅವತ್ತ ನಾ ಇವನ್ನ ಕರೀಲಿಲ್ರೀ. ನನ್ನ ತಮ್ಮನ್ನ ಕರದಿದ್ದೆ."

ಅಜ್ಜಾರು ರೊಟ್ಟಿಯ ಬುಟ್ಟಿ ಹಿಡಿದು ಅವನೆದುರಿಗೆ ಬಂದು ನಿಂತರು.

"ಕರದದ್ದು ಯಾರನ್ನ ಅನ್ನೂದು ಇರ್ಲಿ, ದುಂಡಪ್ಪಾ. ಓ ಅಂದಾಂವಗ ತಾಟ ಇಡು."