ಅದೇ ಕಡ್ಡಿಗೆ ಮರಳುವ ಹೆಲಿಕಾಪ್ಟರ್ ಹುಳ

"ಹಾರ್‌ಹೋಯ್ತು ಕಣಜ್ಜಿ! ಬಟನ್ ಒತ್ತೋ ಅಷ್ಟರಲ್ಲಿ ಹಾರೇಹೋಯ್ತು!"

ನನ್ನ ಮೊಮ್ಮಗಳು ಇಂಚರ ಮುಖ ಊದಿಸಿಕೊಂಡು ಕ್ಯಾಮೆರಾ ಕೆಳಗಿಳಿಸಿದಳು. ನಾವಿಬ್ಬರೂ ಬೆಳಗಿನಿಂದ ಕೆರೆಯಂಚಿನಲ್ಲಿ ಕೂತಿದ್ದೆವು. ಮಳೆಗಾಲದಲ್ಲಿ ಹುಳಹುಪ್ಪಟೆ, ಚಳಿಗಾಲದಲ್ಲಿ ದೂರದಿಂದ ಬರುವ ಬಾತುಗಳು, ಬೇಸಿಗೆಯಲ್ಲಿ ಬಾಯಾರಿ ಇಳಿಯುವ ಹಕ್ಕಿಗಳು, ಹೀಗೆ ವರ್ಷವಿಡೀ ಫೋಟೊ ತೆಗೆಯುವುದು ನನ್ನ ಹುಚ್ಚು. ಆ ಹುಚ್ಚು ಈಗ ಅವಳಿಗೂ ಹತ್ತಿದೆ. ತಾಳ್ಮೆ ಮಾತ್ರ ಇನ್ನೂ ಹತ್ತಿಲ್ಲ.

"ಅದರ ಹಿಂದೆ ಓಡ್ಬೇಡ್ವೇ. ಕಡ್ಡಿ ಮೇಲೇ ಕಣ್ಣಿಟ್ಟಿರು. ಹೆಲಿಕಾಪ್ಟರ್ ಹುಳ ಎಲ್ಲಿಗೆ ಹೋದ್ರೂ ಅದೇ ಕಡ್ಡಿಗೆ ವಾಪಸ್ ಬರತ್ತೆ."

"ಯಾಕಜ್ಜಿ?"

ಯಾಕೆ ಅಂದರೆ ಕತೆ ಹೇಳಲೇಬೇಕು. ನಗಿಸುವ ಕತೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಲೋಕ ಆಗಷ್ಟೇ ಹುಟ್ಟಿತ್ತು. ಆಕಾಶಕ್ಕೆ ಬಳಿದ ನೀಲಿ ಇನ್ನೂ ಹಸಿಹಸಿಯಾಗಿತ್ತು. ಗಾಳಿಗೆ ಯಾವ ಕಡೆ ಬೀಸಬೇಕೆಂದು ಗೊತ್ತಿರಲಿಲ್ಲ, ಬೆಳ್ಳಕ್ಕಿಗೆ ಒಂಟಿಕಾಲಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಆಗ ಹೆಲಿಕಾಪ್ಟರೂ ಇರಲಿಲ್ಲ, ಆದ್ದರಿಂದ ಈ ಹುಳಕ್ಕೆ ಹೆಸರೂ ಇರಲಿಲ್ಲ. ಇದ್ದದ್ದು ಒಬ್ಬಳೇ ಒಬ್ಬಳು, ಮೊದಲನೆಯವಳು. ಅವಳ ಹೊಟ್ಟೆಯಲ್ಲಿ ಒಂದೇ ಒಂದು ಮೊಟ್ಟೆ.

ಮೊಟ್ಟೆ ಎಲ್ಲಿಡುವುದು? ಎಲೆಯ ಮೇಲಿಟ್ಟರೆ ಇರುವೆ ಬಿಡದು. ಮಣ್ಣಿನಲ್ಲಿಟ್ಟರೆ ಹಕ್ಕಿ ಬಿಡದು. ತಾಯಿ ಹುಳ ಹಾರಿ ಹಾರಿ ಸುಸ್ತಾಗಿ, ಕೆರೆಯಂಚಿನ ಜೊಂಡಿನ ಕಡ್ಡಿಯ ಮೇಲೆ ಕೂತು ಅತ್ತಳು.

"ನನ್ನ ಹತ್ರ ಬಿಡಮ್ಮ," ಅಂದಿತು ಕೆರೆ. "ನಾನು ಸಾಕ್ತೀನಿ. ದೊಡ್ಡದಾದ್ಮೇಲೆ ಈ ಕಡ್ಡಿ ಹತ್ತಿಸಿ ನಿನ್ನ ಹತ್ರ ಕಳಿಸ್ತೀನಿ. ಆದ್ರೆ ನೀನು ಇಲ್ಲೇ ಇರ್ಬೇಕು."

"ಇಲ್ಲೇ ಇರ್ತೀನಿ," ಅಂದಳು ತಾಯಿ. ಬಾಲದ ತುದಿಯನ್ನು ನೀರಿಗೆ ಮುಟ್ಟಿಸಿ ಮೊಟ್ಟೆಯನ್ನು ಒಪ್ಪಿಸಿದಳು.

ಮೊಟ್ಟೆ ಒಡೆದು ಮರಿಯಾಯಿತು. ರೆಕ್ಕೆಯಿಲ್ಲದ, ಕೆಸರು ಬಣ್ಣದ, ಸೊಟ್ಟ ಕಾಲಿನ ಮರಿ. ನೋಡುವವರಿಗೆ ಚೆಂದವಿರಲಿಲ್ಲ. ತಾಯಿಗೆ ಮಾತ್ರ ಅದನ್ನು ನೋಡಿದಷ್ಟೂ ಸಾಲದು. ಅವಳು ಮೇಲಿನಿಂದ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಮರಿಯ ಕಂದು ಬೆನ್ನು. ಮರಿ ಕೆಳಗಿನಿಂದ ಕತ್ತೆತ್ತಿ ನೋಡುತ್ತಿತ್ತು. ಅದಕ್ಕೆ ಕಾಣುತ್ತಿದ್ದದ್ದು ಅಮ್ಮನ ಹೊಟ್ಟೆ, ಕಡ್ಡಿಯನ್ನು ಅಪ್ಪಿಕೊಂಡ ಕಾಲುಗಳು. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ. ನೀರೊಳಗಿನ ಮಾತು ಮೇಲೆ ಬರುತ್ತಿರಲಿಲ್ಲ, ಗುಳ್ಳೆ ಬರುತ್ತಿತ್ತು ಅಷ್ಟೆ. ಒಂದು ಗುಳ್ಳೆ ಬಂದರೆ ತಾಯಿಗೆ ಆ ದಿನವೆಲ್ಲ ಹಬ್ಬ.

ಹಸಿವಾದರೆ ಸೊಳ್ಳೆ ಹಿಡಿಯಲು ಹೋಗುವಳು, ತಕ್ಷಣ ಬರುವಳು. ಮಳೆ ಬಂದರೂ ಕಡ್ಡಿ ಬಿಡಲಿಲ್ಲ, ಗಾಳಿ ಬಂದರೂ ಕಡ್ಡಿ ಬಿಡಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದ ಒಂದು ಬೆಳಿಗ್ಗೆ ಕಳ್ಳಿಪೀರ ಬಂತು. ಹಾರುವ ಹುಳಗಳನ್ನೇ ಹಿಡಿದು ತಿನ್ನುವ ಆ ಹಸಿರು ಹಕ್ಕಿ ನೋಡಲು ಎಷ್ಟು ಸೊಗಸೋ ಅಷ್ಟೇ ಪಾಪಿ. ತಾಯಿ ಹೆದರಿ ಪೊದೆಯೊಳಗೆ ಅಡಗಿದಳು. ಹಕ್ಕಿ ಹೋಗುವ ತನಕ ಅಲ್ಲೇ ಇದ್ದಳು.

ಅದೇ ಹೊತ್ತಿಗೆ ಮರಿ ಕಡ್ಡಿ ಹತ್ತಿತು.

ಅಮ್ಮ ಇರಲಿಲ್ಲ. ಬಿಸಿಲು ಬಿತ್ತು. ಮರಿಯ ಬೆನ್ನು ಬಿರಿಯಿತು, ಹಳೆಯ ಚರ್ಮದೊಳಗಿಂದ ಹೊಸ ಮೈ ಹೊರಬಂತು. ಹೊಳೆಯುವ ರೆಕ್ಕೆ, ಕೆಂಪನೆಯ ಬಾಲ. ಅದು ರೆಕ್ಕೆ ಒಣಗಿಸಿಕೊಳ್ಳುತ್ತಾ ಅಮ್ಮನ ಜಾಗದಲ್ಲೇ ಕೂತು ಅಮ್ಮನಿಗಾಗಿ ಕಾಯಿತು.

ಕಳ್ಳಿಪೀರ ಹೋದದ್ದೇ ತಡ, ತಾಯಿ ಓಡೋಡಿ ಬಂದಳು. ನೋಡಿದರೆ ಕಡ್ಡಿಯ ಮೇಲೆ ಯಾರೋ ಕೆಂಪು ಬಾಲದವನು!

"ಏಯ್! ಏಳೋ ಮೇಲೆ! ಇದು ನನ್ನ ಮಗು ಬರೋ ಜಾಗ!"

ಮರಿಗೆ ಗಾಳಿಯಲ್ಲಿ ಮಾತಾಡುವುದು ಇನ್ನೂ ಬರುತ್ತಿರಲಿಲ್ಲ. ಮೈಮೇಲೆ ಎರಗಿ ಬಂದ ದೊಡ್ಡ ಕಣ್ಣಿನ ಮುಖವನ್ನು ಅದು ಎಂದೂ ಕಂಡಿರಲಿಲ್ಲ. ಹೆದರಿ ಹಾರಿತು. ತಾಯಿ ಸುಮ್ಮನಾದಳೇ? ಕೆರೆಯ ಏರಿಯ ತನಕ ಅಟ್ಟಿಸಿಕೊಂಡು ಹೋಗಿ ಓಡಿಸಿ ಬಂದಳು.

ಬಂದು ಕೂತು ಕೆಳಗೆ ನೋಡಿದರೆ, ಕಡ್ಡಿಗೆ ಅಂಟಿಕೊಂಡು ಆ ಕಂದು ಬೆನ್ನು!

"ಬಂದ್ಯಾ ಕಂದಾ! ಯಾವಾಗ್ ಬಂದೆ? ಅಮ್ಮ ಇಲ್ಲೇ ಇದೀನಿ ನೋಡು," ಎಂದು ಕಾಲಿನಿಂದ ಸವರಿದಳು. ಬೆನ್ನು ಅಲುಗಲಿಲ್ಲ. ಒಳಗೆ ಏನೂ ಇರಲಿಲ್ಲ. ಟೊಳ್ಳು.

"ಕೆರೆಯಪ್ಪಾ, ನನ್ನ ಮಗು ಸತ್ತುಹೋಯ್ತಾ?"

"ಸತ್ತಿಲ್ಲಮ್ಮ," ಅಂದಿತು ಕೆರೆ. "ಅದು ಬರೀ ಅಂಗಿ. ಮೇಲೆ ಬಂದ್ಮೇಲೆ ಅಂಗಿ ಬಿಚ್ಚತ್ತೆ ಅಂತ ನನಗೂ ಈಗ್ಲೇ ಗೊತ್ತಾಗಿದ್ದು."

"ಹಾಗಾದ್ರೆ ಎಲ್ಲಿ ಹೋಯ್ತು?"

ಕೆರೆ ಏರಿಯ ಕಡೆಗೆ ಒಂದು ಅಲೆ ಕಳಿಸಿತು.

"ನೀನು ಓಡಿಸಿದ ಕಡೆಗೆ," ಅಂದಿತು.

ಆ ತಾಯಿಯ ಸಂಕಟವನ್ನು ನಾನು ಹೇಗೆ ಹೇಳಲಿ, ಇಂಚರಾ? ಅವಳು ಏರಿ ದಾಟಿ ಹುಡುಕಿದಳು. ಗಾಳಿಯನ್ನು ಕೇಳಿದಳು. "ಎತ್ಕೊಂಡ್ ಹೋಗಿದ್ದು ನಿಜ, ಎಲ್ಲಿ ಇಳಿಸಿದ್ನೋ ಮರೆತೆ," ಅಂದಿತು ಗಾಳಿ. ಬೆಳ್ಳಕ್ಕಿಯನ್ನು ಕೇಳಿದಳು, ಕಾಣೆ ಅಂದಿತು. ಚಳಿಗಾಲಕ್ಕೆ ಬಂದಿಳಿದ ಬಾತುಗಳನ್ನು ಕೇಳಿದಳು. "ದಾರೀಲಿ ಎಲ್ಲೂ ನೋಡ್ಲಿಲ್ಲವಲ್ಲ ತಾಯಿ," ಅಂದವು. ದೂರ ಹೋಗೋಣವೆಂದರೆ, ಅಷ್ಟರಲ್ಲಿ ಮಗು ಕಡ್ಡಿಗೆ ಬಂದುಬಿಟ್ಟರೆ? ಸ್ವಲ್ಪ ಹೋಗುವಳು, ಕಡ್ಡಿಗೆ ಮರಳುವಳು. ಮತ್ತೆ ಹೋಗುವಳು, ಮತ್ತೆ ಮರಳುವಳು.

ಬೇಸಿಗೆ ಬಂತು. ಕೆರೆ ಸೊರಗಿ ಗುಂಡಿಯಷ್ಟಾಯಿತು. ಕಡ್ಡಿ ಬಿರುಕುಬಿಟ್ಟ ಕೆಸರಿನಲ್ಲಿ ನಿಂತಿತ್ತು, ಅವಳು ಅದರ ಮೇಲೇ ಇದ್ದಳು. ಉಳಿದಿದ್ದ ನೀರಿಗೆ ಇನ್ನೊಮ್ಮೆ ಬಾಲ ಮುಟ್ಟಿಸಿ, ಈ ಸಲ ರಾಶಿ ಮೊಟ್ಟೆ ಇಟ್ಟಳು. "ಇವರಿಗಾದ್ರೂ ನನ್ನ ಮುಖ ಹೇಗಿದೆ ಅಂತ ಹೇಳು," ಎಂದು ಕೆರೆಗೆ ಹೇಳಿ ಬಂದು ಕಡ್ಡಿಯ ಮೇಲೆ ಕೂತಳು. ಮೊದಲ ಮಳೆ ಬಿದ್ದಾಗ ಅವಳು ಇರಲಿಲ್ಲ.

"ಸಿಗ್ಲೇ ಇಲ್ವಾ ಅಜ್ಜಿ?" ಇಂಚರ ನನ್ನ ಸೆರಗು ಹಿಡಿದುಕೊಂಡಿದ್ದಳು.

"ಇಲ್ಲ ಪುಟ್ಟಿ. ಸಿಗ್ಲಿಲ್ಲ."

ಸುಳ್ಳು ಹೇಳಬಹುದಿತ್ತು. ಕತೆಯಲ್ಲಿ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

ಹೊಸ ಮರಿಗಳು ನೀರೊಳಗೆ ಬೆಳೆದವು. ಕೆರೆ ಅವಕ್ಕೆ ನಡೆದದ್ದನ್ನೆಲ್ಲ ಹೇಳಿತು. ಎಲ್ಲೋ ನಿಮಗೊಬ್ಬ ಕೆಂಪು ಬಾಲದ ಅಣ್ಣ ಇದ್ದಾನೆ, ಎಂದಾದರೂ ಕಡ್ಡಿಗೆ ಮರಳಿ ಬಂದಾನು ಅಂದಿತು. ಅಂದಿನಿಂದ ಕೆರೆ ಪ್ರತಿ ಮರಿಗೂ ಅದನ್ನೇ ಹೇಳುತ್ತದೆ, ಅದನ್ನು ಕೇಳಿಕೊಂಡೇ ಪ್ರತಿ ಮರಿಯೂ ಕಡ್ಡಿ ಹತ್ತಿ ಮೇಲೆ ಬರುತ್ತದೆ.

ಅದಕ್ಕೇ ಇಂದಿಗೂ ಕೆರೆಯ ಮೇಲೆ ಒಂದು ಹೆಲಿಕಾಪ್ಟರ್ ಹುಳ ಇನ್ನೊಂದರ ಹಿಂದೆ ಬಿದ್ದು ಹಾರುತ್ತದೆ. ಜನ ಜಗಳವೆಂದುಕೊಳ್ಳುತ್ತಾರೆ. ಅದು ಹತ್ತಿರ ಹೋಗಿ ಮುಖ ನೋಡಿ, ಇವನು ಅವನಲ್ಲ ಎಂದು ತಿಳಿದು, ಅದೇ ಕಡ್ಡಿಗೆ ಬಂದು ಕೂರುತ್ತದೆ.